ಹುಣಸೆಮರದ ಈಚೆಗೆ ನಡೆದ ಗೆರೆ

ಕಪ್ಪುಹಲಗೆಯ ಮೇಲೆ ಮಾಲತೇಶ್ ಗಡಿ ಬರೆಯುವುದನ್ನು ನೋಡಬೇಕು. ಸೀಮೆಸುಣ್ಣವನ್ನು ಹಲಗೆಯಿಂದ ಎತ್ತುತ್ತಿರಲಿಲ್ಲ. ಕೆಸರು ಬದುವಿನ ಮೇಲೆ ಹೆಜ್ಜೆ ಹುಡುಕಿಕೊಂಡು ಹೋಗುವವನ ಹಾಗೆ ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ಎಳೆಯುತ್ತಿದ್ದ. ಗೆರೆ ಮುಗಿಯುವಷ್ಟರಲ್ಲಿ ಅಲ್ಲೊಂದು ಪೋಲೆಂಡ್ ಇರುತ್ತಿತ್ತು, ಇಲ್ಲವೇ ಒಂದು ಬಲ್ಗೇರಿಯಾ. ಶಿಕಾರಿಪುರದ ಆ ಕಾಲೇಜಿನಲ್ಲಿ ಅವನು ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿಯಾಗಿಯೇ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಳ್ಳುವಷ್ಟು ಕಾಲವಾಗಿತ್ತು.

ಎರಡು ಮಹಾಯುದ್ಧಗಳ ನಡುವಿನ ಯುರೋಪು ಅವನಿಗೆ ಬಹಳ ಪ್ರೀತಿಯ ಪಾಠ. ಗ್ರೀಸಿನ ಸಿಪಾಯಿಯೊಬ್ಬ ತಪ್ಪಿಸಿಕೊಂಡ ತನ್ನ ನಾಯಿಯ ಹಿಂದೆ ಓಡಿ ಬಲ್ಗೇರಿಯಾದ ಗಡಿ ದಾಟಿದ, ಗುಂಡು ತಿಂದು ಸತ್ತ ಎಂದು ಕತೆ ಶುರು ಮಾಡುತ್ತಿದ್ದ. ಮಕ್ಕಳು ನಗುತ್ತಿದ್ದರು. ನಾಯಿ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದು ಅವನೂ ನಗುತ್ತಿದ್ದ. ಆದರೆ ಸಿಪಾಯಿ ಸತ್ತದ್ದು ನಿಜ, ಗ್ರೀಸಿನ ಸೈನ್ಯ ಒಳಗೆ ನುಗ್ಗಿದ್ದು ನಿಜ. ಜಿನೀವಾದಲ್ಲಿ ಕುಳಿತಿದ್ದ ರಾಷ್ಟ್ರಸಂಘ, ತನ್ನದೆಂಬ ಒಂದು ಬಂದೂಕೂ ಇಲ್ಲದೆ, ಹಿಂದೆ ಸರಿಯಿರಿ ಎಂದದ್ದು ನಿಜ. ಅವರು ಸರಿದರು. ಇಲ್ಲಿಗೆ ಬಂದಾಗ ಅವನ ದನಿ ಸ್ವಲ್ಪ ಇಳಿಯುತ್ತಿತ್ತು, ದೇವರ ಕೋಣೆಯಲ್ಲಿ ಮಾತಾಡುವವರ ದನಿಯ ಹಾಗೆ.

ಆಮೇಲೆ ಸಾರ್ ಪ್ರಾಂತ್ಯ. ಜರ್ಮನಿಗೂ ಫ್ರಾನ್ಸಿಗೂ ನಡುವೆ ಕಲ್ಲಿದ್ದಲಿನ ಒಂದು ಚೂರು ನೆಲ. ಯಾರ ಜೊತೆ ಇರುತ್ತೀರಿ ಎಂದು ಅಲ್ಲಿನ ಜನರನ್ನೇ ಕೇಳಿದರು. ಗಲಾಟೆಯಾಗದಿರಲೆಂದು ಬೇರೆ ನಾಲ್ಕು ದೇಶಗಳ ಸೈನಿಕರು ಬಂದು ಹಿಮದಲ್ಲಿ ಕಾವಲು ನಿಂತರು. ಜನ ಸಾಲಾಗಿ ಹೋಗಿ ಮತ ಹಾಕಿದರು, ಹತ್ತರಲ್ಲಿ ಒಂಬತ್ತು ಜನ ಜರ್ಮನಿ ಎಂದರು, ಸೈನಿಕರು ಮನೆಗೆ ಹೋದರು. ಜಗತ್ತು ಮನಸ್ಸು ಮಾಡಿದರೆ ಹೀಗೂ ಆಗುತ್ತದೆ ಎಂದು ಅವನು ಪುಸ್ತಕ ಮುಚ್ಚುತ್ತಿದ್ದ.

ಆ ವರ್ಷ ಶರಣ್ಯ ಎಂಬ ಹುಡುಗಿ ಎದ್ದು ನಿಂತು, ಸೈನಿಕರು ವಾಪಸ್ ಹೋದ ಮೇಲೆ ಆ ಹತ್ತನೆಯವನಿಗೆ ಏನಾಯಿತು ಎಂದು ಕೇಳಿದಳು. ಅದು ಸಿಲಬಸ್ಸಿನಲ್ಲಿ ಇಲ್ಲ ಎಂದು ಮಾಲತೇಶ್ ನಕ್ಕ. ಗಂಟೆಯೂ ಹೊಡೆಯಿತು.

ತಾನು ಯಾರ ಮಗ ಎಂದು ಅವನು ತರಗತಿಯಲ್ಲಿ ಹೇಳಿದವನಲ್ಲ. ಅವನ ಅಪ್ಪ ಜಟ್ಟಪ್ಪ ಮುತ್ತಲಗೆರೆಯ ಕುಳವಾಡಿ. ಊರಿನ ಗಡಿಕಲ್ಲುಗಳನ್ನೆಲ್ಲ ಕಾಲಿನಿಂದ ತಿಳಿದಿದ್ದವನು. ಯಾರ ಬದು ಎಲ್ಲಿ, ಯಾವ ಕಲ್ಲು ಸರಿದಿದೆ ಎಂದು ಜಗಳವಾದರೆ ಅವನನ್ನು ಕರೆಸುತ್ತಿದ್ದರು. ಅವನು ಅಂಗಳದ ಹೊರಗೇ ನಿಂತು ಹೇಳುತ್ತಿದ್ದ. ಒಳಗೆ ಕೂತವರು ಒಪ್ಪುತ್ತಿದ್ದರು. ಒಂದು ಗುಂಟೆ ಜಮೀನೂ ಇಲ್ಲದವನ ಮಾತಿಗೆ ನೂರಾರು ಎಕರೆಯವರು ತಲೆಬಾಗುವುದನ್ನು ಮಾಲತೇಶ್ ಚಿಕ್ಕಂದಿನಲ್ಲಿ ಕಂಡಿದ್ದ. ಹೊಸ್ತಿಲು ದಾಟಲು ಬಿಡದ್ದನ್ನೂ ಕಂಡಿದ್ದ. ಮುಂದೆ ಓದುವಾಗ, ಸೈನ್ಯವಿಲ್ಲದ ರಾಷ್ಟ್ರಸಂಘದ ಅಧ್ಯಾಯದಲ್ಲಿ ಅವನಿಗೆ ಅಪ್ಪನ ಮುಖ ಕಂಡಿತು. ಆ ಪಾಠದ ಮೇಲಿನ ಪ್ರೀತಿಯ ಬೇರು ಅಲ್ಲಿತ್ತು.

ಮುತ್ತಲಗೆರೆ ಶಿಕಾರಿಪುರ ತಾಲ್ಲೂಕಿನ ಕೊನೆಯ ಊರು. ಹಳ್ಳ ದಾಟಿದರೆ ಸೊರಬ ತಾಲ್ಲೂಕು, ಅಲ್ಲಿ ಹರಳಿಕೊಪ್ಪ. ನಡುವೆ ಒಂದು ಹುಲ್ಲುಬಯಲು, ಬಯಲಿನಲ್ಲಿ ಒಂದು ಹುಣಸೆಮರ. ಆ ಮರದ ಸುತ್ತ ಮಾಲತೇಶನ ಕೇರಿಯವರು ತಮ್ಮ ಸತ್ತವರನ್ನು ಹೂಳುತ್ತ ಬಂದಿದ್ದರು. ಬೇರೆ ಕಡೆ ಅವರಿಗೆ ಜಾಗವಿರಲಿಲ್ಲ. ಜಟ್ಟಪ್ಪನೂ ಅಲ್ಲೇ ಇದ್ದ, ಮರದ ಮೂಡಲಿಗೆ, ಎರಡು ಕಲ್ಲುಗಳ ನಡುವೆ.

ಅವ್ವ ಬಂಗಾರಮ್ಮನಿಗೆ ಆಗಲೇ ಏದುಸಿರು ಹಿಡಿದಿತ್ತು. ಶಿರಾಳಕೊಪ್ಪದ ಡಾಕ್ಟರು ಹೃದಯ ದಪ್ಪಗಾಗಿದೆ, ಭಾರ ಎತ್ತಬೇಡಿ ಎಂದು ಹೇಳಿ ಕಳಿಸಿದ್ದರು. ಅವಳಿಗೆ ಸಾವಿನ ಭಯವಿರಲಿಲ್ಲ, ಜಾಗದ ಆಸೆಯಿತ್ತು. ಶನಿವಾರ ಸಂಜೆ ಮಗ ಬಸ್ಸಿಳಿದು ಬಂದರೆ, ತಿಂಗಳಿಗೊಮ್ಮೆಯಾದರೂ ಆ ಮಾತು ಬರುತ್ತಿತ್ತು. "ನನ್ನ ಅವನ ಎಡಕ್ಕೆ ಹಾಕು. ಬಲಕ್ಕೆ ಬೇರು ಬಾಳ ಅದಾವು, ಅಗಿಯೋರಿಗೆ ತ್ರಾಸ ಆಗ್ತೈತಿ" ಎನ್ನುತ್ತಿದ್ದಳು, ನಾಳೆ ಯಾವ ಸಾರು ಮಾಡಲಿ ಎಂದು ಕೇಳುವ ದನಿಯಲ್ಲೇ.

ಹಳ್ಳ ಒಂದು ದೊಡ್ಡ ಮಳೆಯಲ್ಲಿ ದಿಕ್ಕು ಬದಲಿಸಿತ್ತು. ಮೊದಲು ಮರದ ಈಚೆಗೆ, ಮುತ್ತಲಗೆರೆಯ ಮಗ್ಗುಲಿಗೆ ಹರಿಯುತ್ತಿದ್ದದ್ದು ಈಗ ಬಯಲಿನ ಆಚೆ ಅಂಚಿಗೆ ಹರಿಯುತ್ತಿತ್ತು. ಹಳೆಯ ಪಾತ್ರದಲ್ಲಿ ಹೂಳು ತುಂಬಿ ಹುಲ್ಲು ಬೆಳೆಯಿತು. ಹಳ್ಳವೇ ಗಡಿ, ಆದ್ದರಿಂದ ಬಯಲು ನಮ್ಮದು ಎಂದು ಮುತ್ತಲಗೆರೆಯವರು. ಹಳೆಯ ಹಳ್ಳವೇ ಗಡಿ, ಬಯಲು ನಮ್ಮದು ಎಂದು ಹರಳಿಕೊಪ್ಪದವರು. ಅಳತೆಯವರು ಎರಡು ಸಲ ಬಂದು, ಎರಡೂ ತಾಲ್ಲೂಕಿನವರು ಒಟ್ಟಿಗೆ ಸೇರಬೇಕು ಎಂದು ಹೇಳಿ ಹೋದರು. ಒಟ್ಟಿಗೆ ಸೇರುವ ದಿನ ಬರಲಿಲ್ಲ. ಆದರೂ ದನಗಳು ಎರಡೂ ಕಡೆಯಿಂದ ಬಂದು ಮೇಯುತ್ತಿದ್ದವು, ಸತ್ತವರು ಮಲಗಿದ್ದರು, ಯಾರಿಗೂ ಆತುರವಿರಲಿಲ್ಲ.

ಆತುರ ಬಂದದ್ದು ದೀಪಾವಳಿಯ ಹೋರಿಯಿಂದ.

ಮುತ್ತಲಗೆರೆಯ ಮುಖ್ಯಸ್ಥ ಮಲ್ಲೇಶಪ್ಪನ ಹೋರಿ ಸುತ್ತೂರಿಗೆಲ್ಲ ಹೆಸರುವಾಸಿ. ಹೋರಿ ಬಿಡುವ ದಿನ ಅದರ ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು. ಹುಡುಗರು ಹಾರ ಕೀಳಲು ಮುಗಿಬಿದ್ದಾಗ ಅದು ಜನರನ್ನು ಸೀಳಿಕೊಂಡು ಓಡಿತು. ಓಡಿದ್ದು ಬಯಲಿಗೆ. ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹರಳಿಕೊಪ್ಪದ ನಾಲ್ವರು ಹೆದರಿ ಬಡಿಗೆ ಬೀಸಿದರು. ಹೋರಿ ಹಳ್ಳಕ್ಕೆ ಹಾರಿ ಮುಂಗಾಲು ಮುರಿದುಕೊಂಡಿತು, ಎರಡು ದಿನ ನರಳಿ ಸತ್ತಿತು. ಮೂರನೆಯ ದಿನ ಮುತ್ತಲಗೆರೆಯವರು ಹರಳಿಕೊಪ್ಪದ ದನಗಳನ್ನು ಹಿಡಿದು ಕಟ್ಟಿದರು. ಆಮೇಲೆ ಕಲ್ಲು, ಬಡಿಗೆ, ಆಸ್ಪತ್ರೆ. ಗೋವಿನಜೋಳದ ಎರಡು ಬಣವೆಗೆ ಬೆಂಕಿ ಬಿತ್ತು.

ಮಾಲತೇಶ್ ಸುದ್ದಿ ಕೇಳಿ ಊರಿಗೆ ಬಂದಾಗ ಹಳ್ಳದ ಎರಡೂ ದಂಡೆಯಲ್ಲಿ ಜನ ಕಾವಲು ಕೂತಿದ್ದರು. ಅವನಿಗೆ ನಾಯಿಯ ಹಿಂದೆ ಓಡಿದ ಸಿಪಾಯಿ ನೆನಪಾದ. ಪಾಠ ತನ್ನನ್ನೇ ಕರೆಯುತ್ತಿದೆ ಅನ್ನಿಸಿತು. ಮೊದಲು ಮಲ್ಲೇಶಪ್ಪನ ಜಗಲಿಯ ಕೆಳಗೆ ನಿಂತು ಮಾತಾಡಿದ, ಆಮೇಲೆ ಹಳ್ಳ ದಾಟಿ ಹರಳಿಕೊಪ್ಪದ ರಾಜಕುಮಾರನನ್ನು ಕಂಡ. ರಾಜಕುಮಾರ್ ಅಲ್ಲಿನ ಗುತ್ತಿಗೆದಾರ, ಊರು ಅವನ ಮಾತಿನಂತೆ ನಡೆಯುತ್ತಿತ್ತು. ಇಬ್ಬರ ಮುಂದೆಯೂ ಮಾಲತೇಶ್ ಒಂದೇ ಮಾತು ಇಟ್ಟ. ತೀರ್ಮಾನ ಆಗುವವರೆಗೆ ಎರಡೂ ಕಡೆಯವರು ಬಯಲಿನಿಂದ ಹಿಂದೆ ಸರಿಯಬೇಕು. ದನ ಬಿಡಬೇಕು. ಹೋರಿಗೆ ಪರಿಹಾರ, ಬಣವೆಗೆ ಪರಿಹಾರ. ಅವನಿಗೇ ಆಶ್ಚರ್ಯವಾಗುವಂತೆ ಅವರು ಒಪ್ಪಿದರು. ಅಷ್ಟು ಹೊತ್ತಿಗೆ ಎಲ್ಲರಿಗೂ ದಣಿವಾಗಿತ್ತು, ಜೋಳ ಮುರಿಯುವ ಕೆಲಸ ಹಾಗೇ ಬಿದ್ದಿತ್ತು.

ಒಂದು ವಾರದ ಮೇಲೆ ಎರಡೂ ಊರಿನವರು ಹುಣಸೆಮರದ ಕೆಳಗೆ ಕೂತರು. ಗಡಿ ಯಾರು ಹೇಳಬೇಕು ಎಂಬ ಮಾತು ಬಂದಾಗ ಹರಳಿಕೊಪ್ಪದ ಮುದುಕ ಯಲ್ಲಪ್ಪ ಗಂಟಲು ಸರಿಮಾಡಿಕೊಂಡ. ತನ್ನ ಅಪ್ಪನ ಕಾಲದಲ್ಲಿ ಹೀಗೇ ಆದಾಗ ಮುತ್ತಲಗೆರೆಯ ಕುಳವಾಡಿ ತಲೆಯ ಮೇಲೆ ಹಸಿಮಣ್ಣಿನ ಉಂಡೆ ಹೊತ್ತು ಗಡಿ ನಡೆದಿದ್ದ, ಅವನು ನಡೆದದ್ದನ್ನು ಎರಡೂ ಊರು ಒಪ್ಪಿತ್ತು ಎಂದ. ಉಂಡೆಯ ನಡುವೆ ಗುಳಿ ಮಾಡಿ ನೀರು ತುಂಬಿರುತ್ತಾರೆ. ಕುಳವಾಡಿ ಗಡಿ ಬಿಟ್ಟು ಸೊಟ್ಟ ನಡೆದರೆ ಉಂಡೆ ಒಡೆಯುತ್ತದೆಂದು ನಂಬಿಕೆ.

"ಜಟ್ಟಪ್ಪನ ಮಗ ಇಲ್ಲೇ ಇದ್ದಾನಲ್ಲ. ಕಾಲೇಜಿನಲ್ಲಿ ದೇಶದೇಶದ ಗಡಿ ಹೇಳ್ತಾನಂತೆ. ಹಳ್ಳದ್ದು ಹೇಳಲಿ" ಎಂದ ಯಲ್ಲಪ್ಪ. ಜನ ನಕ್ಕರು. ಬಹಳ ದಿನಗಳ ಮೇಲೆ ಎರಡೂ ಊರು ಒಟ್ಟಿಗೆ ನಕ್ಕದ್ದು ಅದು.

ಮಲ್ಲೇಶಪ್ಪನಿಗೆ ಬಹಳ ಸಂತೋಷವಾಯಿತು. ಕುಳವಾಡಿ ತನ್ನ ಊರಿನವನು, ಅವನ ಕೇರಿಯ ಹೆಣಗಳೂ ಇದೇ ಬಯಲಿನಲ್ಲಿವೆ. ಅವನು ಬೇರೆ ಯಾವ ಕಡೆ ನಡೆದಾನು? ಚಿಕ್ಕಂದಿನಿಂದ 'ಲೇ' ಎಂದು ಕರೆದಿದ್ದವನು ಅಂದು ಮೊದಲ ಸಲ, ಎಲ್ಲರಿಗೂ ಕೇಳುವಂತೆ, ಮೇಷ್ಟ್ರೇ ಎಂದ.

ಮಾಲತೇಶನಿಗೆ ಗಡಿ ಗೊತ್ತಿತ್ತು. ಹಳ್ಳ ದಿಕ್ಕು ಬದಲಿಸುವುದಕ್ಕೂ ಮುಂಚೆ ಅಪ್ಪ ಅವನ ಕೈಹಿಡಿದು ಆ ದಾರಿಯಲ್ಲಿ ನಡೆಸಿದ್ದ. ಒಂದು ಕರಿಬಂಡೆ, ಅಲ್ಲಿಂದ ಹಳೆಯ ಪಾತ್ರ, ಅಲ್ಲಿಂದ ಮರದ ಈಚೆಗೆ ಹಾದು ಮೂಲೆಗಲ್ಲು. ಮರದ ಈಚೆಗೆ. ಅಂದರೆ ಮರವೂ ಗೋರಿಗಳೂ ಹರಳಿಕೊಪ್ಪಕ್ಕೆ ಸೇರಿದ್ದು. ಯಾರಿಗೂ ಬೇಡದ ಬಯಲಾಗಿದ್ದ ಕಾಲದಲ್ಲಿ ಕೇರಿಯವರು ಗಡಿಯಾಚೆ ಹೂಳಲು ಶುರುಮಾಡಿದ್ದರು, ಅಷ್ಟೇ. ವಾದ ಯಾರು ಏನೇ ಮಾಡಲಿ, ಈ ಗೆರೆ ಈಗ ಬದುಕಿದ್ದವರಲ್ಲಿ ಅವನಿಗೂ ಅವ್ವನಿಗೂ ಮಾತ್ರ ಖಚಿತವಾಗಿ ತಿಳಿದಿತ್ತು.

ಅವತ್ತು ಬಂಗಾರಮ್ಮ ಒಲೆಯ ಮುಂದೆ ಕೂತು ಬೆಂಕಿ ಹೊತ್ತಿಸಿದಳು. ಆಮೇಲೆ, "ಮರದ ಆಚಿಗೆ ನಡಿ" ಎಂದಳು.

"ಅಪ್ಪ ತೋರಿಸಿದ್ದು ಈಚೆಗೆ ಅವ್ವ."

"ನಿಮ್ಮಪ್ಪ ಸತ್ತು ಮಣ್ಣಾದ. ಆ ಮಣ್ಣು ಉಳಿಸ್ಕೋ ಅಂತೀನಿ. ಒಂದು ಮರದಷ್ಟು ಸೊಟ್ಟ ನಡೆದ್ರೆ ಭೂಮಿ ಬಾಯಿ ಬಿಡ್ತೈತಾ? ಅವರೆಲ್ಲ ಎಷ್ಟು ಕಲ್ಲು ಸರಿಸ್ಯಾರ, ಬಿಟ್ಟೈತಾ?"

ಅವನಿಗೆ ಉತ್ತರ ಸಿದ್ಧವಿತ್ತು. ಅದೇ ಅವನ ತಪ್ಪಾಯಿತು. ಗಡಿ ಎಲ್ಲಿ ಬಿದ್ದರೂ ಅಲ್ಲಿ ಉಳಿಯುವವರಿಗೆ ರಕ್ಷಣೆ ಕೊಡುವುದೆಂದು ಒಂದು ಪದ್ಧತಿ ಇದೆ ಎಂದು ಅವ್ವನಿಗೆ ಬಿಡಿಸಿ ಹೇಳಿದ. ಯುರೋಪಿನಲ್ಲಿ ಹಾಗೆ ಎಷ್ಟೋ ಒಪ್ಪಂದಗಳಾಗಿದ್ದವು. ನಡೆಯುವ ಮೊದಲೇ ಎರಡೂ ಊರಿನವರಿಂದ ಮಾತು ತೆಗೆದುಕೊಳ್ಳುತ್ತೇನೆ, ಮರ ಯಾರ ಪಾಲಿಗೆ ಹೋದರೂ ನಮ್ಮ ಮಣ್ಣಿಗೆ ದಾರಿ ಇರಬೇಕು ಎಂದು. ಬಂಗಾರಮ್ಮ ಬೆಂಕಿಯನ್ನು ಒಳಕ್ಕೆ ನೂಕಿದಳು. ನೀನು ಓದಿದವ ಎಂದಳು. ಹೊಗಳಿದಳೋ ಬಿಟ್ಟುಕೊಟ್ಟಳೋ ಅವನಿಗೆ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಎರಡೂ ಊರು ಕರಿಬಂಡೆಯ ಹತ್ತಿರ ಸೇರಿತು. ಕೇರಿಯ ಹೆಂಗಸರು ಉಂಡೆ ಕಟ್ಟಿದ್ದರು, ಮುತ್ತಲಗೆರೆಯ ಮಣ್ಣು, ಹರಳಿಕೊಪ್ಪದ ನೀರು. ಮಾಲತೇಶ್ ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು, ಮೊದಲು ತನ್ನ ಮಾತು ಹೇಳಿದ. ಮಲ್ಲೇಶಪ್ಪ ಯೋಚಿಸದೆ ಉಂಡೆಯ ಮೇಲೆ ಕೈಯಿಟ್ಟ, ಬಯಲು ತನ್ನದೇ ಎಂಬ ಧೈರ್ಯ ಅವನಿಗೆ. ರಾಜಕುಮಾರ್ ಒಂದು ಗಳಿಗೆ ಮರದ ಕಡೆ ನೋಡಿ, "ಗೋರಿ ಏನು ಮಾಡ್ತಾವೆ ಮಾರಾಯ್ರೇ, ಇರ್ಲಿ" ಎಂದು ಅವನೂ ಕೈಯಿಟ್ಟ. ಕೈಗೆ ಅಂಟಿದ ಕೆಸರನ್ನು ಕರವಸ್ತ್ರದಿಂದ ಒರೆಸಿಕೊಂಡ.

ಉಂಡೆ ತಣ್ಣಗಿತ್ತು. ತಲೆಯ ಮೇಲೆ ಕೂತ ಕೂಡಲೇ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಹನಿಯೊಂದು ಕಿವಿಯ ಹಿಂದಿನಿಂದ ಇಳಿದು ಅಂಗಿಯೊಳಗೆ ಹೋಯಿತು. ಹಿಂದೆ ನೂರಾರು ಜನ, ಆದರೆ ಹುಲ್ಲು ತುಳಿಯುವ ಸದ್ದು ಮಾತ್ರ. ಹಳೆಯ ಪಾತ್ರ ಸಿಕ್ಕಿದಾಗ ಪಾದಕ್ಕೆ ನುಣ್ಣನೆಯ ಮರಳು ತಾಗಿತು. ಮೇಲೆ ಹುಲ್ಲು, ಅಡಿಯಲ್ಲಿ ಹಳ್ಳ ಇನ್ನೂ ಇತ್ತು. ಅಪ್ಪನ ಬೆರಳು ತನ್ನ ಕೈಯಲ್ಲಿದ್ದ ಹಾಗೆ ಅವನು ನಡೆದ. ಮರ ಹತ್ತಿರವಾಯಿತು. ಅದರ ಬುಡದಲ್ಲಿ ಅವ್ವ ಕೂತಿದ್ದಳು, ಸೆರಗನ್ನು ಬಾಯಿಗೆ ಹಿಡಿದು.

ಅಲ್ಲಿ ಅವನ ಕಾಲು ಒಂದು ಕ್ಷಣ ತಡೆಯಿತು. ಆಚೆಗೂ ನಡೆಯಬಹುದಿತ್ತು. ಉಂಡೆ ಒಡೆಯುತ್ತಿರಲಿಲ್ಲ, ಅಷ್ಟು ಅವನಿಗೆ ಗೊತ್ತಿತ್ತು, ಹೆಂಗಸರು ಗಟ್ಟಿಯಾಗಿಯೇ ಕಟ್ಟಿದ್ದರು. ಅವನು ಈಚೆಗೆ ತಿರುಗಿದ.

"ಮೇಷ್ಟ್ರೇ" ಎಂದಿತು ಹಿಂದಿನಿಂದ ಮಲ್ಲೇಶಪ್ಪನ ದನಿ, ಮೆಲ್ಲಗೆ. "ದಾರಿ ತಪ್ಪೈತಿ ನೋಡ್ರಿ."

"ಇಲ್ಲ ಗೌಡ್ರೇ" ಎಂದ ಮಾಲತೇಶ್, ತಿರುಗದೆ. ತಿರುಗಿದರೆ ಉಂಡೆ ಬೀಳುತ್ತಿತ್ತು.

ಮೂಲೆಗಲ್ಲಿನ ಹತ್ತಿರ ಅವನು ಉಂಡೆಯನ್ನು ಇಳಿಸಿದಾಗ ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಹರಳಿಕೊಪ್ಪದ ಹುಡುಗರು ಸಿಳ್ಳೆ ಹಾಕಿದರು. ಮುತ್ತಲಗೆರೆಯವರು ಊರ ಕಡೆ ತಿರುಗಿ ಹೋದರು. ಯಾರೂ ಯಾರನ್ನೂ ಹೊಡೆಯಲಿಲ್ಲ. ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋಗುವಾಗ ಮಾಲತೇಶನಿಗೆ ಅಪ್ಪನಿಗೆ ಸಮನಾದೆ ಅನ್ನಿಸಿತು, ಕಣ್ಣು ತುಂಬಿ ಬಂತು. ಆಮೇಲೆ ಆ ಸಂತೋಷ ನೆನಪಾದಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು.

ಬಂಗಾರಮ್ಮ ಮಾರನೆಯ ದಿನ ಏದುಸಿರು ಬಿಡುತ್ತ ಮೂಲೆಗಲ್ಲಿನವರೆಗೆ ಹೋಗಿ, ಆ ಉಂಡೆಯ ಮೇಲೆ ಹಳೆಯ ಬುಟ್ಟಿಯೊಂದನ್ನು ಕವುಚಿ ಬಂದಳು. ಮಳೆ ಬಂದರೆ ಕರಗುತ್ತದೆ ಎಂದು.

ಬೇಸಗೆ ಬರುವಷ್ಟರಲ್ಲಿ ಕೇರಿಯವರು ಮಾಲತೇಶನ ಜೊತೆ ಮಾತು ಬಿಟ್ಟಿದ್ದರು. ಅವರನ್ನು ಮುತ್ತಲಗೆರೆಯಲ್ಲಿ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಹರಳಿಕೊಪ್ಪಕ್ಕೇ ಹೋಗ್ರೋ, ನಿಮ್ಮ ಮೇಷ್ಟ್ರು ಬರ್ಕೊಟ್ಟಾನಲ್ಲ ಎಂದು ಹೋಟೆಲಿನಲ್ಲಿ ಕಿಚಾಯಿಸುತ್ತಿದ್ದರು. ಮೊದಲ ಅಡ್ಡಮಳೆಯಲ್ಲಿ ಗಾಳಿ ಬುಟ್ಟಿಯನ್ನು ಎತ್ತಿಕೊಂಡು ಹೋಯಿತು. ಉಂಡೆ ಎರಡು ಮಳೆಗೆ ಕರಗಿ ನೆಲ ಸೇರಿತು. ಅದರ ಹಿಂದೆಯೇ ಜೆಸಿಬಿ ಬಂತು. ರಾಜಕುಮಾರ್ ಬಯಲನ್ನು ಶುಂಠಿ ಬೆಳೆಗೆ ಹಿಡಿದಿದ್ದ. ಮೂಲೆಗಲ್ಲಿನಿಂದ ಕರಿಬಂಡೆಯವರೆಗೆ, ಮಾಲತೇಶ್ ನಡೆದ ದಾರಿಗೆ ಸರಿಯಾಗಿ, ಒಂದು ಹೆಜ್ಜೆ ಒಳಗೆ, ತಂತಿಬೇಲಿ ಎದ್ದಿತು. ಗೋರಿಗಳ ಮೇಲಿನ ಕಲ್ಲುಗಳನ್ನು ಮರದ ಬುಡಕ್ಕೆ ಗುಡ್ಡೆ ಹಾಕಿದರು. ಮರ ಮಾತ್ರ ಉಳಿಯಿತು, ಕೆಲಸದವರಿಗೆ ನೆರಳಿರಲೆಂದು.

ಮಾಲತೇಶ್ ಹೋಗಿ ನಿಂತಾಗ ರಾಜಕುಮಾರ್ ಕುರ್ಚಿ ತರಿಸಿದ, ಚಹಾ ತರಿಸಿದ. ಮಾತು ಕೊಟ್ಟಿದ್ದಿರಿ ಎಂದ ಮಾಲತೇಶ್.

"ಕೊಟ್ಟಿದ್ದೆ. ಇಲ್ಲ ಅನ್ನಲ್ಲ. ಮಣ್ಣಿನ ಮೇಲೆ ಕೈ ಇಟ್ಟು ಕೊಟ್ಟಿದ್ದೆ." ರಾಜಕುಮಾರ್ ಚಹಾ ಆರಲು ಬಿಟ್ಟು ಅವನನ್ನೇ ನೋಡಿದ. "ಮಣ್ಣು ಕರಗಿತಲ್ಲ ಮೇಷ್ಟ್ರೇ."

ಅಲ್ಲಿದ್ದವರು ನಕ್ಕರು. ಮಾಲತೇಶ್ ಚಹಾ ಕುಡಿಯದೆ ಎದ್ದ. ಅಲ್ಲಿಂದ ನೇರ ಮಲ್ಲೇಶಪ್ಪನ ಮನೆಗೆ ಹೋದ, ಮಾತಿಗೆ ಇನ್ನೊಂದು ಕೈಯೂ ಇತ್ತಲ್ಲ ಎಂದು. ಮಲ್ಲೇಶಪ್ಪ ಜಗಲಿಯ ಮೇಲೆ ಎಲೆ ಹಾಕಿಕೊಳ್ಳುತ್ತ ಎಲ್ಲ ಕೇಳಿದ.

"ಅದು ಈಗ ಅವರ ಸೀಮೆ. ನಾವು ಬಾಯಿ ಹಾಕಿದ್ರೆ ಮತ್ತೆ ತಲೆ ಒಡೀತಾವು. ಊರು ಶಾಂತ ಐತಿ, ನೀನೇ ಮಾಡಿದ್ದು" ಎಂದ. ಮೇಷ್ಟ್ರೇ ಎನ್ನಲಿಲ್ಲ.

ಕಚೇರಿಗಳಿಗೂ ಅಲೆದ. ಬಯಲು ನಮ್ಮ ತಾಲ್ಲೂಕಿನದಲ್ಲ ಎಂದು ಶಿಕಾರಿಪುರದಲ್ಲಿ, ಸತ್ತವರು ನಮ್ಮ ತಾಲ್ಲೂಕಿನವರಲ್ಲ ಎಂದು ಸೊರಬದಲ್ಲಿ ಹೇಳಿ ಕಳಿಸಿದರು. ಅವ್ವನಿಗೆ ಅವನು ಬೇಲಿಯ ವಿಷಯ ಹೇಳಲೇ ಇಲ್ಲ. ಅವಳು ಕೇಳಲೂ ಇಲ್ಲ. ಆದರೆ ಎಡಕ್ಕೆ ಹಾಕು ಎಂಬ ಮಾತು ನಿಂತುಹೋಯಿತು. ಅದು ನಿಂತದ್ದರಿಂದಲೇ ಅವಳಿಗೆ ತಿಳಿದಿದೆಯೆಂದು ಅವನಿಗೆ ತಿಳಿಯಿತು.

ಆ ಬೇಸಗೆಯಲ್ಲೇ, ಪರೀಕ್ಷೆಗೆ ಮುಂಚಿನ ಕೊನೆಯ ತರಗತಿಯಲ್ಲಿ, ಮಾಲತೇಶ್ ಹಳೆಯ ಪಾಠಗಳನ್ನು ಮತ್ತೊಮ್ಮೆ ತಿರುವಿದ. ಸಾರ್ ಪ್ರಾಂತ್ಯಕ್ಕೆ ಬಂದಾಗ ಪುಸ್ತಕ ಮುಚ್ಚಲಿಲ್ಲ. ಶರಣ್ಯಳ ಬೆಂಚಿನ ಕಡೆ ನೋಡಿ, ನೀನೊಂದು ಪ್ರಶ್ನೆ ಕೇಳಿದ್ದೆ ಎಂದ. ಅವಳಿಗೆ ಮರೆತಿತ್ತು. ಆ ಹತ್ತನೆಯವನ ವಿಷಯ ಎಂದು ಅವನೇ ನೆನಪಿಸಿದ. ತನ್ನನ್ನು ಬೇಡವೆಂದವರಿಗೆ ತೊಂದರೆ ಕೊಡುವುದಿಲ್ಲ ಎಂದು ಜರ್ಮನಿ ಒಂದು ವರ್ಷದ ಮಟ್ಟಿಗೆ ಮಾತು ಕೊಟ್ಟಿತ್ತು. ಎಷ್ಟೋ ಜನ ಅದನ್ನು ನಂಬದೆ ಆ ಚಳಿಗಾಲದಲ್ಲೇ ಗಂಟು ಕಟ್ಟಿಕೊಂಡು ಗಡಿ ದಾಟಿದರು.

"ನಂಬಿ ಉಳಿದವರು ಸರ್?"

ಅವನು ಹಲಗೆಯ ಕಡೆ ತಿರುಗಿದ. ಸೀಮೆಸುಣ್ಣ ಕೈಯಲ್ಲಿತ್ತು, ಏನೂ ಬರೆಯಲಿಲ್ಲ. "ಕಾವಲಿನವರ ಕೆಲಸ ಮುಗಿದಿತ್ತಮ್ಮ" ಎಂದ. "ಅವರು ತಿರುಗಿ ಬರಲಿಲ್ಲ."

ಬಂಗಾರಮ್ಮ ಆಷಾಢದ ಒಂದು ಬೆಳಿಗ್ಗೆ ಹೋದಳು, ನೀರು ಕೇಳಿ, ನೀರು ಬರುವಷ್ಟರಲ್ಲಿ. ಮಾತು ಬಿಟ್ಟಿದ್ದ ಕೇರಿಯವರು ಬಂದರು, ಹೆಣಕ್ಕೆ ಹೆಗಲು ಕೊಡದಷ್ಟು ಸಿಟ್ಟು ಯಾರಿಗೂ ಇರಲಿಲ್ಲ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕಾಲುಗಳು ಅಭ್ಯಾಸದಂತೆ ಹುಣಸೆಮರದ ದಾರಿ ಹಿಡಿದವು, ಬೇಲಿಯ ಮುಂದೆ ಬಂದು ನಿಂತವು. ಒಳಗೆ ಶುಂಠಿಯ ಏರುಮಡಿಗಳು ಹಸಿರಾಗಿದ್ದವು. ಕಾವಲುಗಾರ ಫೋನು ಹಚ್ಚಿದ. ಸ್ವಲ್ಪ ಹೊತ್ತಿಗೆ ರಾಜಕುಮಾರನ ಕಡೆಯ ಇಬ್ಬರು ಬೈಕಿನಲ್ಲಿ ಬಂದು ಬೇಲಿಯೊಳಗೆ ನಿಂತರು. ಕೊಡೆ ಹಿಡಿದು ಮಲ್ಲೇಶಪ್ಪನೂ ಬಂದ. ಬೇಲಿಯ ಈಚೆಗಿನ ಹೊಲ ಅವನದು.

ಚಟ್ಟವನ್ನು ಮಳೆಯಲ್ಲಿ ಇಳಿಸಿದ್ದರು. ಕೇರಿಯ ಸಿದ್ಧಲಿಂಗೇಶ್, ಮಾಲತೇಶನ ದೊಡ್ಡಪ್ಪನ ಮಗ, ಗುದ್ದಲಿಯನ್ನು ಹೆಗಲಿನಿಂದ ತೆಗೆದು ನೆಲ ನೋಡಿದ. ತಂತಿಗೂ ಮಲ್ಲೇಶಪ್ಪನ ಬದುವಿಗೂ ನಡುವೆ ಒಂದು ಸಣ್ಣ ಪಟ್ಟಿ ಉಳಿದಿತ್ತು.

"ನೀನು ನಡೆದ ಗೆರೆ ಒಂದೈತಿ ನೋಡು, ಯಾರದೂ ಅಲ್ದಿದ್ದು" ಎಂದು ಅಗೆಯಲು ಶುರುಮಾಡಿದ. ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ.

ಹಳೆಯ ಹಳ್ಳದ ಮರಳು ಸುಲಭವಾಗಿ ಬಂತು, ಜೊತೆಗೆ ನೀರೂ ಬಂತು. ಒಬ್ಬ ಅಗೆದ, ಒಬ್ಬ ನೀರು ತೋಡಿ ಚೆಲ್ಲಿದ. ಗುಂಡಿ ಅಗಲವಾದಾಗ ಬೇಲಿಯೊಳಗಿನವರು ಕಂಬ ಸಡಿಲವಾಗುತ್ತದೆ, ಅತ್ತ ಸರಿಸಿ ಎಂದರು. ಅತ್ತ ಸರಿದಾಗ ಮಲ್ಲೇಶಪ್ಪ ಕೊಡೆಯ ಕೆಳಗಿನಿಂದ, "ಬದು ಕುಸಿತೈತಿ, ಇತ್ತ ಬರಬ್ಯಾಡ್ರಿ" ಎಂದ. ಕೊನೆಗೆ ಗುಂಡಿ ಎಷ್ಟು ಕಿರಿದಾಯಿತೆಂದರೆ ಅವಳನ್ನು ಅಂಗಾತ ಮಲಗಿಸಲು ಆಗಲಿಲ್ಲ. ಒಂದು ಮಗ್ಗುಲಾಗಿ ಮಲಗಿಸಿದರು, ಚಳಿಗೆ ಮುದುರಿ ಮಲಗಿದವಳ ಹಾಗೆ. ಮುಖ ಯಾವ ಕಡೆಗೆ ಎಂದು ಸಿದ್ಧಲಿಂಗೇಶ್ ಕೇಳಿದ. ಮಾಲತೇಶ್ ಮರದ ಕಡೆಗೆ ಕೈ ತೋರಿಸಿದ.

ಮೊದಲ ಹಿಡಿ ಮಣ್ಣು ಮಗನದು. ಅವನು ಬಗ್ಗಿ ಅಗೆದ ಗುಡ್ಡೆಯಿಂದ ಒಂದು ಹಿಡಿ ತೆಗೆದುಕೊಂಡ. ಮಳೆಗೆ ತೊಯ್ದ ಮಣ್ಣು ಅಂಗೈಯಲ್ಲಿ ತಾನೇ ಉಂಡೆಯಾಯಿತು, ತಣ್ಣಗೆ, ನಡುವೆ ಹೆಬ್ಬೆರಳಿನ ಗುಳಿ, ಗುಳಿಯಲ್ಲಿ ನೀರು. ಬಹಳ ಹೊತ್ತು ಹಿಡಿದುಕೊಂಡೇ ನಿಂತ. ಬಿಡಣ್ಣ, ಗುಂಡಿ ತುಂಬ್ತೈತಿ ಎಂದು ಯಾರೋ ಹೇಳಿದರು. ಬಿಟ್ಟ. ಅದು ಅವ್ವನ ಹೆಗಲಿನ ಹತ್ತಿರ ನೀರಿಗೆ ಬಿತ್ತು. ಒಡೆಯಲಿಲ್ಲ.